ಹರಕೆ ಬೇಡವೆಂದ ದೇವರು

ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಮುಖ ಗೊತ್ತಿಲ್ಲದವರು ಇದ್ದಿರಬಹುದು, ನನ್ನ ಗಂಟಲು ಗೊತ್ತಿಲ್ಲದವರು ಇರಲಿಲ್ಲ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪುತ್ತೂರಿನಿಂದ ಕಡಬದ ದಾರಿಯಾಗಿ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿಗೆ ನಾನು ಕಂಡಕ್ಟರ್. ಕೆಲಸದವರು ಕಡಿಮೆ ಬಿದ್ದಾಗ ನನ್ನನ್ನು ಸುಳ್ಯದ ಲೈನಿಗೂ ಹಾಕುತ್ತಿದ್ದರು. "ಕಡಬ, ಕಡಬ, ಸುಬ್ರಹ್ಮಣ್ಯಾ!" ಎಂದು ಒಮ್ಮೆ ಕೂಗಿದರೆ ಹೋಟೆಲಿನಲ್ಲಿ ಅರ್ಧ ಚಾ ಕುಡಿದವರು ಗ್ಲಾಸು ಇಟ್ಟು ಓಡಿ ಬರಬೇಕು. ಜಗಳಕ್ಕೂ ಅದೇ ಗಂಟಲು. ಟಿಕೆಟಿನ ಜಗಳ, ಸೀಟಿನ ಜಗಳ, ಕೋಳಿಯ ಬುಟ್ಟಿಯನ್ನು ಒಳಗೆ ಇಡುವುದೋ ಮೇಲೆ ಇಡುವುದೋ ಎಂಬ ಜಗಳ. ಒಂದನ್ನೂ ನಾನು ಬಿಟ್ಟವನಲ್ಲ.

ಅಂಥ ಬಾಯಿಯ ಎಡಗೆನ್ನೆಯೊಳಗೆ ಬೆಳಗಿನಿಂದ ಕತ್ತಲಾಗುವ ತನಕ ಎಲೆಯಡಿಕೆಯ ಉಂಡೆ, ಅದರ ಜೊತೆ ಹೊಗೆಸೊಪ್ಪು. ಕೂಗುವಾಗ ಬಲಗಡೆಗೆ ತಳ್ಳುವುದು, ಕೂಗಿ ಆದ ಮೇಲೆ ಪುನಃ ಎಡಗಡೆಗೆ ತರುವುದು. ಒಂದು ಮಳೆಗಾಲದಲ್ಲಿ ಆ ಉಂಡೆಯ ಜಾಗದಲ್ಲಿ ಒಂದು ಹುಣ್ಣು ಕಂಡಿತು. ತುಪ್ಪ ಹಚ್ಚಿದೆ, ಜೇನು ಹಚ್ಚಿದೆ, ಅರಂತೋಡಿನ ಹತ್ತಿರದ ಒಬ್ಬರು ಕೊಟ್ಟ ಬೇರನ್ನು ತೇಯ್ದು ಹಚ್ಚಿದೆ. ಹುಣ್ಣಿಗೆ ನನ್ನ ಹೆಂಡತಿಯಷ್ಟೇ ಹಟ, ಮಾಯಲೇ ಇಲ್ಲ. ಮಳೆ ಬಿಟ್ಟು ಬಿಸಿಲು ಬಂದಾಗ ಅದರ ಅಂಚು ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟವಾಯಿತು. ಪುತ್ತೂರಿನ ಡಾಕ್ಟರು ಟಾರ್ಚು ಹಾಕಿ ನೋಡಿದರು, ಕೈ ತೊಳೆದುಕೊಂಡರು, ಪುನಃ ಬಂದು ನೋಡಿದರು.

"ಇದು ನಮ್ಮಲ್ಲಿ ಆಗುದಲ್ಲ. ಮದ್ರಾಸಿನ ಕಡೆಯಲ್ಲಿ ಒಂದು ಮಿಶನ್ ಆಸ್ಪತ್ರೆ ಉಂಟು. ಕೂಡಲೇ ಹೋಗಿ" ಎಂದರು.

"ಎಂತ ಡಾಕ್ಟ್ರೆ, ಕ್ಯಾನ್ಸರಾ?"

ಆಗೆಲ್ಲ ನಮ್ಮ ಕಡೆ ಆ ಹೆಸರನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, 'ಆ ರೋಗ' ಎನ್ನುತ್ತಿದ್ದರು. ನಾನು ಕಂಡಕ್ಟರ್, ಊರಿನ ಹೆಸರು ಕೂಗಿ ಅಭ್ಯಾಸ. ಕೂಗಿಯೇ ಬಿಟ್ಟೆ. ಹೊರಗೆ ಕೂತವರೆಲ್ಲ ತಿರುಗಿ ನೋಡಿದರು. ಡಾಕ್ಟರು ಹೌದೆಂದು ತಲೆ ಆಡಿಸಿದರು.

ಸುದ್ದಿ ಬಸ್ಸಿಗಿಂತ ಜೋರು ಓಡಿತು. ಸ್ಟ್ಯಾಂಡಿನ ಹಿಂದಿನ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ಜನವೋ ಜನ. ಬಂದವರೆಲ್ಲ ಒಂದೊಂದು ಕಥೆ ತಂದಿದ್ದರು. "ಸುಳ್ಯದಲ್ಲಿ ಒಬ್ರಿಗೆ ಇದೇ ಹೀಗೆ ಆಗಿತ್ತು, ಪಾಪ." "ಸಂಪಾಜೆಯಲ್ಲಿ ನಮ್ಮ ಭಾವನ ಭಾವನಿಗೆ, ಪಾಪ." ಎಲ್ಲ ಕಥೆಯೂ ಪಾಪ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ನನಗೆ ಪಿತ್ತ ನೆತ್ತಿಗೇರಿ, "ಬದುಕಿದವನ ಕಥೆ ಒಂದು ಇದ್ರೆ ಹೇಳಿ ಮಾರಾಯ್ರೆ, ಇಲ್ಲದಿದ್ರೆ ಚಾ ಕುಡಿದು ಹೋಗಿ!" ಎಂದು ಗದರಿದೆ. ಎಲ್ಲರೂ ಚಾ ಕುಡಿದು ಹೋದರು.

ಹೆಂಡತಿ ಮಾತ್ರ ಅಳಲಿಲ್ಲ. ಒಬ್ಬಳೇ ಮಗಳನ್ನು ಕಡಬದ ತಾಯಿಮನೆಯಲ್ಲಿ ಬಿಟ್ಟು ಬಂದು, ದೀಪದ ಮುಂದೆ ಕೂತು ಹರಕೆ ಹೇಳಿಕೊಂಡಳು. ಸುಬ್ರಹ್ಮಣ್ಯಕ್ಕೆ ಒಂದು, ಅವಳ ತಾಯಿಮನೆಯ ದೈವಕ್ಕೆ ಒಂದು, ನಾಗನಿಗೆ ಒಂದು. ನಮ್ಮ ಊರಿನಲ್ಲಿ ಹರಕೆ ಎಂದರೆ ಗಟ್ಟಿ ಮಾತು. ಕಣ್ಣು ಬೇನೆ ಗುಣವಾದರೆ ಬೆಳ್ಳಿಯ ಕಣ್ಣು, ಕಾಲು ಸರಿಯಾದರೆ ಬೆಳ್ಳಿಯ ಕಾಲು ಒಪ್ಪಿಸುತ್ತೇವೆ. ಗುಣವಾಗಿಯೂ ಒಪ್ಪಿಸದಿದ್ದರೆ, ಬಿಟ್ಟು ಹೋದ ರೋಗ ದಾರಿ ಕೇಳಿಕೊಂಡು ತಿರುಗಿ ಬರುತ್ತದೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ, ಅನ್ನ ತಿನ್ನಲು ಯಾರು ಕಲಿಸುತ್ತಾರೆ? ಈ ಕಥೆ ನಡೆದದ್ದೆಲ್ಲ ಆ ಒಂದು ನಂಬಿಕೆಯಿಂದ.

ರೈಲು ಹತ್ತಿ ಆ ಮಿಶನ್ ಆಸ್ಪತ್ರೆಗೆ ಹೋದೆವು. ಅಲ್ಲಿ ನಮಗೆ ಭಾಷೆಯೇ ಇಲ್ಲ. ನಾನು ತುಳು, ಕನ್ನಡ, ಸ್ವಲ್ಪ ಮಲಯಾಳ, ನಮ್ಮ ಕಡೆಯ ಮುಸಲ್ಮಾನರ ಬ್ಯಾರಿ ಭಾಷೆ ಎಲ್ಲ ಗೊತ್ತಿದ್ದವನು, ತಮಿಳಿನ ಎದುರು ಮೂಗನ ಹಾಗೆ ನಿಂತೆ. ಡಾಕ್ಟರು ಬೆರಳು ಹಾಕಿ ಮುಟ್ಟಿ ನೋಡಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಆಗ ಹಿಂದಿನಿಂದ ಒಂದು ಸ್ವರ, ಅಚ್ಚ ತುಳುವಿನಲ್ಲಿ, "ಅಣ್ಣಾ, ಹೆದರಬೇಡಿ, ನಾನು ಹೇಳ್ತೇನೆ" ಎಂದಿತು. ತಿರುಗಿ ನೋಡಿದರೆ ಬಿಳಿ ಸೀರೆಯ ನಡುವಯಸ್ಸಿನ ಸಿಸ್ಟರು, ಉಡುಪಿಯ ಕಡೆಯವರು, ಕ್ರೈಸ್ತರು. ಅಬ್ಬ, ಆ ಸಂತೋಷವನ್ನು ಹೇಗೆ ಹೇಳಲಿ! ಹೆಂಡತಿಯಂತೂ ಅವರ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಡಾಕ್ಟರು ಹೇಳಿದ್ದು ಇಷ್ಟು. ಕೆನ್ನೆಗೆ ರೇಡಿಯಂ ಸೂಜಿಗಳನ್ನು ಚುಚ್ಚಿ ಕೆಲವು ದಿನ ಇಡುತ್ತಾರೆ. ಹುಣ್ಣು ಅದಕ್ಕೆ ಕರಗಿದರೆ ಪುಣ್ಯ. ಕರಗದಿದ್ದರೆ ಕೆನ್ನೆಯ ಜೊತೆಗೆ ದವಡೆಯ ಎಲುಬನ್ನೂ ಕೊಯ್ದು ತೆಗೆಯಬೇಕು.

"ದವಡೆ ತೆಗೆದರೆ ಮಾತಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದೆ.

ಸಿಸ್ಟರು ನನ್ನ ಮುಖ ನೋಡಿ, "ನಿಮ್ಮ ಕೆಲಸ ಎಂತ?" ಎಂದರು.

"ಕಂಡಕ್ಟರ್."

ಅವರು ಡಾಕ್ಟರ ಕಡೆಗೆ ತಿರುಗಿ, ಸೂಜಿ ಯಾವತ್ತು ಹಾಕುವುದು ಎಂದು ಕೇಳಿದರು.

ಸೂಜಿಗಳನ್ನು ಹಾಕಿ ಅವುಗಳ ನೂಲನ್ನು ಕೆನ್ನೆಯ ಹೊರಗೆ ಅಂಟಿಸಿ, ನನ್ನನ್ನು ಒಂದು ಬೇರೆ ಕೋಣೆಯಲ್ಲಿ ಮಲಗಿಸಿದರು. ರೇಡಿಯಂ ಹತ್ತಿರ ಬೇರೆಯವರು ಇರಬಾರದಂತೆ. ಹೆಂಡತಿಗೆ ಒಳಗೆ ಬರಲು ಇಲ್ಲ. ಮೂಗಿನಲ್ಲಿ ರಬ್ಬರಿನ ನಳಿಗೆ, ಅದರಲ್ಲೇ ಊಟ. ಮಾತಾಡುವ ಹಾಗಿಲ್ಲ. ಸಿಸ್ಟರು ಬಂದರೂ ಗಡಿಬಿಡಿಯಲ್ಲಿ ಕೆಲಸ ಮುಗಿಸಿ ಹೊರಗೆ ಹೋಗಬೇಕು. ಜನಜಾತ್ರೆಯ ನಡುವೆ ಬದುಕಿದವನಿಗೆ ನಾಲ್ಕು ಗೋಡೆ, ಒಂದು ಕಿಟಕಿ. ಕೂಗಬೇಕೆಂದು ಹೊಟ್ಟೆಯೊಳಗಿಂದ ಬರುತ್ತದೆ, ಬಾಯಲ್ಲಿ ಸೂಜಿ! ಸಾವಿಗಿಂತ ಆ ಒಂಟಿತನಕ್ಕೇ ನಾನು ಹೆಚ್ಚು ಹೆದರಿದೆ ಎಂದು ಹೇಳಲು ನನಗೆ ನಾಚಿಕೆ ಇಲ್ಲ.

ಒಂದು ಮಧ್ಯಾಹ್ನ, ಬಿಸಿಲು ಧಗಧಗ ಎನ್ನುವಾಗ, ನಾನು ಅಳುವುದನ್ನು ಸಿಸ್ಟರು ಕಂಡರು. ಕೆಲಸ ಮುಗಿಸಿ ಹೊರಗೆ ಹೋದವರು ಬಾಗಿಲಲ್ಲೇ ನಿಂತರು. "ಅಣ್ಣಾ, ಒಳಗೆ ಕೂತುಕೊಳ್ಳುವ ಹಾಗಿಲ್ಲ. ಇಲ್ಲಿಂದಲೇ ಒಂದು ಪ್ರಾರ್ಥನೆ ಮಾಡ್ಲಾ?" ಎಂದರು. ನಾನು ಕಣ್ಣಲ್ಲೇ ಆಗಬಹುದು ಎಂದೆ. ಮಂತ್ರ ಹೇಳಬಹುದು ಎಂದು ನಾನು ಎಣಿಸಿದ್ದೆ. ಅವರು ನಮ್ಮ ಮನೆಯ ತುಳುವಿನಲ್ಲಿ, ನೀರು ಸೇದುವಾಗ ಪಕ್ಕದ ಮನೆಯವರ ಹತ್ತಿರ ಮಾತಾಡುವ ತುಳುವಿನಲ್ಲಿ, ದೇವರನ್ನು ಅಪ್ಪಾ ಎಂದು ಕರೆದು, "ಇವರು ಒಬ್ಬರೇ ಇದ್ದಾರೆ, ನಮಗೆ ಒಳಗೆ ಹೋಗ್ಲಿಕ್ಕೆ ಆಗುದಿಲ್ಲ, ನೀನು ಹೋಗಿ ಇವರ ಹತ್ತಿರ ಕೂತುಕೋ" ಎಂದರು. ಅಷ್ಟೇ! ಏಸು ಎಂದರೆ ಯಾರೂ ಮುಟ್ಟದ ರೋಗಿಗಳನ್ನು ಮುಟ್ಟಿದವನು ಎಂದು ಆಮೇಲೆ ಹೇಳಿ ಹೋದರು.

ಮುಂದೆ ಆದದ್ದನ್ನು ನಂಬುವವರು ನಂಬಿ, ಬಿಡುವವರು ಬಿಡಿ. ಆ ಕೋಣೆಯಲ್ಲಿ ನಾನು ಒಬ್ಬನೇ ಇರಲಿಲ್ಲ. ಬೆಳಕು ಬರಲಿಲ್ಲ, ಸ್ವರ ಕೇಳಲಿಲ್ಲ, ಕೆನ್ನೆಯ ಉರಿಯೂ ಕಡಿಮೆಯಾಗಲಿಲ್ಲ. ಆದರೆ ಹತ್ತಿರ ಯಾರೋ ಕೂತಿದ್ದಾರೆ, ಎದ್ದು ಹೋಗುವ ಗಡಿಬಿಡಿ ಅವರಿಗೆ ಇಲ್ಲ ಎಂಬುದು ಗೊತ್ತಾಯಿತು. ಅಂಥ ನೆಮ್ಮದಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಗ ನಾನೆಂಬ ಈ ಮಹಾರಾಯ ಎಂತ ಮಾಡಿದ? ಬಂದ ನೆಂಟರನ್ನು ಬರಿಗೈಯಲ್ಲಿ ಕಳಿಸಬಾರದಲ್ಲ! ಮನಸ್ಸಿನಲ್ಲೇ ಕೈ ಮುಗಿದು, "ಏಸುವೇ, ನನ್ನ ದವಡೆ ಉಳಿಸಿಕೊಡು, ನಮ್ಮ ಪುತ್ತೂರಿನ ನಿನ್ನ ದೇವಾಲಯಕ್ಕೆ ಬೆಳ್ಳಿಯ ದವಡೆ ಮಾಡಿಸಿ ಒಪ್ಪಿಸ್ತೇನೆ" ಎಂದು ಹರಕೆ ಹೇಳಿಬಿಟ್ಟೆ.

ಹುಣ್ಣು ಕರಗಿತು! ಸೂಜಿ ತೆಗೆದು ಕೆಲವು ವಾರವಾದ ಮೇಲೆ ಡಾಕ್ಟರು ಟಾರ್ಚು ಹಾಕಿ ನೋಡಿ ನಕ್ಕರು, ಬೇರೆ ಡಾಕ್ಟರುಗಳನ್ನು ಕರೆದು ತೋರಿಸಿದರು. ಎಲ್ಲರೂ ಸಾಲಾಗಿ ನನ್ನ ಬಾಯಿಯೊಳಗೆ ಇಣುಕಿದರು. ಬಾಯಿ ಮುಚ್ಚಲು ಹೇಳುವವರೇ ಇಲ್ಲ. ಆರು ತಿಂಗಳು ಕಳೆದು ಪುನಃ ಬರಬೇಕು, ಕುತ್ತಿಗೆಯಲ್ಲಿ ಗಂಟು ಏನಾದರೂ ಕಂಡರೆ ಅದನ್ನು ತೆಗೆಯಬೇಕಾಗುತ್ತದೆ ಎಂದರು. ಸಿಸ್ಟರು ಬೀಳ್ಕೊಡುವಾಗ ಹೆಂಡತಿ ಅವರ ಕಾಲಿಗೆ ಬೀಳಲು ಹೋದಳು. ಅವರು ಹಿಡಿದು ನಿಲ್ಲಿಸಿದರು.

ಊರಿಗೆ ಬಂದರೂ ಬಾಯಿಯೊಳಗೆ ಪೂರಾ ಬೆಂದ ಗಾಯ. ಉಪ್ಪು ತಾಗಿದರೆ ಜೀವ ಹೋಗುತ್ತದೆ. ಹೆಂಡತಿ ಕುಚ್ಚಲಕ್ಕಿ ಗಂಜಿಯನ್ನು ಬೇಯಿಸಿ, ಅರೆದು, ಬಟ್ಟೆಯಲ್ಲಿ ಸೋಸಿ, ಆರಿಸಿ, ಚಮಚದಲ್ಲಿ ಬಲಗಡೆಯಿಂದ ಬಿಡುತ್ತಿದ್ದಳು. ನಾನು ಸಿಟ್ಟಿನಲ್ಲಿ ಚಮಚ ತಳ್ಳಿದರೆ ಅವಳೂ ಸಿಟ್ಟಿನಲ್ಲಿ ಪುನಃ ತುಂಬಿಸಿ ತರುತ್ತಿದ್ದಳು. ತಿಂಗಳುಗಟ್ಟಲೆ ಹೀಗೆ. ಮೊದಲ ಸಲ ಮೀನಿನ ಸಾರು ಉಂಡ ದಿನ ಖಾರಕ್ಕೂ ಖುಷಿಗೂ ಕಣ್ಣಲ್ಲಿ ನೀರು ಸುರಿದು, ಯಾವುದು ಯಾವುದಕ್ಕೆ ಎಂದು ಗೊತ್ತಾಗಲಿಲ್ಲ. ಕೆಲಸಕ್ಕೆ ಹೋದ ದಿನ ಬಸ್ಸಿನ ಮೆಟ್ಟಿಲಲ್ಲಿ ನಿಂತು, "ಕಡಬಾ! ಸುಬ್ರಹ್ಮಣ್ಯಾ!" ಎಂದು ಕೂಗಿದೆ. ಸ್ವರ ಸ್ವಲ್ಪ ಒಡೆದಿತ್ತು. ಆದರೆ ಹೋಟೆಲಿನಿಂದ ಜನ ಓಡಿ ಬಂದರು, ಮಾರಾಯ್ರೆ! ನಮ್ಮ ಬ್ಯಾರಿ ಡ್ರೈವರ್ ಹಾರ್ನು ಒತ್ತಿ ಹಿಡಿದು ಇಡೀ ಸ್ಟ್ಯಾಂಡಿಗೆ ಸುದ್ದಿ ಮಾಡಿದ.

ಇನ್ನು ಹರಕೆ ತೀರಿಸಬೇಕು. ಹೆಂಡತಿಯ ಹರಕೆಗಳು ಒಂದೊಂದಾಗಿ ಸಂದವು. ಅವಳು ಸುಬ್ರಹ್ಮಣ್ಯಕ್ಕೆ ನನ್ನ ಬಸ್ಸಿನಲ್ಲೇ ಬಂದು, ಒಪ್ಪಿಸಿ, ನನ್ನ ಬಸ್ಸಿನಲ್ಲೇ ನಗುನಗುತ್ತಾ ಮರಳಿದಳು. ಉಳಿದದ್ದು ನನ್ನದು. ಪುತ್ತೂರಿನ ಪೇಟೆಯಲ್ಲಿ ಒಬ್ಬರು ಅಕ್ಕಸಾಲಿಗ ಆಚಾರ್ರು ಇದ್ದರು. ಕಣ್ಣು, ಕೈ, ಕಾಲು, ನಾಗ, ಎಲ್ಲದಕ್ಕೂ ಅವರಲ್ಲಿ ಅಚ್ಚು ಇತ್ತು.

"ದವಡೆಯಾ? ಇಷ್ಟು ವರ್ಷದಲ್ಲಿ ದವಡೆ ಯಾರೂ ಕೇಳಿದ್ದಿಲ್ಲ" ಎಂದರು ಆಚಾರ್ರು.

"ನಾನು ಕೇಳ್ತಿದ್ದೇನಲ್ಲ! ಮಾಡಿ."

ಅವರು ನೂಲು ಹಿಡಿದು ನನ್ನ ಕಿವಿಯಿಂದ ಗಲ್ಲದವರೆಗೆ ಅಳೆದು, ತಗಡು ಬಡಿದು ಒಂದನ್ನು ಮಾಡಿಕೊಟ್ಟರು. ಹೆಂಡತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೆಂತ, ಹಲಸಿನ ಸೊಳೆಯಾ?" ಎಂದಳು.

ಪೇಟೆಯ ಅಂಚಿನಲ್ಲಿ ಪ್ರೊಟೆಸ್ಟಂಟರ ದೇವಾಲಯ. ಅದರ ಪಕ್ಕದ ಮನೆಯಲ್ಲಿ ಸಭೆಯ ಅಯ್ಯನವರು, ಅಂದರೆ ಪಾದ್ರಿಗಳು. ತೆಳ್ಳಗಿನ ವಯಸ್ಸಾದ ಮನುಷ್ಯ. ಸೈಕಲಿನಲ್ಲಿ ಓಡಾಡುವವರು, ನಮ್ಮ ಬಸ್ಸಿನಲ್ಲಿಯೂ ಬಂದದ್ದುಂಟು. ಮಿಂದು, ಮಡಿ ಮಾಡಿದ ಬಿಳಿ ವೇಷ್ಟಿ ಉಟ್ಟು, ಬಾಳೆಯೆಲೆಯಲ್ಲಿ ಬೆಳ್ಳಿ ಇಟ್ಟುಕೊಂಡು ಅವರ ಜಗಲಿಗೆ ಹೋದೆ.

"ಎಂತ ಕಂಡಕ್ಟ್ರೆ, ಕುದುರೆಯ ಲಾಳವಾ?" ಎಂದು ಕೇಳಿದರು.

"ದವಡೆ! ನನ್ನ ದವಡೆ!" ಎಂದು ಇದ್ದ ಕಥೆಯನ್ನೆಲ್ಲ ಹೇಳಿದೆ.

ಅವರ ಕಣ್ಣು ತುಂಬಿ ಬಂತು. ಇನ್ನೇನು ಕೈ ಚಾಚುತ್ತಾರೆ ಎಂದು ನಾನು ಬಾಳೆಯೆಲೆಯನ್ನು ಮುಂದೆ ಹಿಡಿದೆ. "ಸಂತೋಷ ಆಯ್ತು. ಆದರೆ ಇದನ್ನು ನೀವು ವಾಪಸು ತೆಗೊಂಡು ಹೋಗಿ. ನಮ್ಮಲ್ಲಿ ಹರಕೆ ಒಪ್ಪಿಸುವ ಕ್ರಮ ಇಲ್ಲ" ಎಂದರು.

"ಕ್ರಮ ಇಲ್ಲದಿದ್ರೆ ಇವತ್ತು ಸುರು ಮಾಡಿ!"

"ಹಾಗಲ್ಲ ಕಂಡಕ್ಟ್ರೆ. ದೇವರು ಅದನ್ನು ನಿಮಗೆ ಸುಮ್ಮನೆ ಕೊಟ್ಟದ್ದು. ನೀವು ಬನ್ನಿ, ನಮ್ಮೊಟ್ಟಿಗೆ ಕೂತುಕೊಳ್ಳಿ, ಸಾಕು."

"ನಾನು ಬಂದು ಕೂತರೆ ದೇವರಿಗೆ ಎಂತ ಸಿಗ್ತದೆ?"

"ನೀವು ಸಿಗ್ತೀರಿ."

ಆ ಮಾತು ನನಗೆ ತಲೆಗೆ ಹೋಗಲಿಲ್ಲ. ನನಗೆ ಕಂಡದ್ದು ಒಂದೇ: ಆರು ತಿಂಗಳು ಹತ್ತಿರ ಬರುತ್ತಾ ಉಂಟು, ಹರಕೆ ಬಾಕಿ ಉಂಟು, ರೋಗ ತಿರುಗಿ ಬರುತ್ತದೆ. ಸುಮ್ಮನೆ ಕೊಟ್ಟರಂತೆ! ಸುಮ್ಮನೆ ಕೊಟ್ಟವರು ಸುಮ್ಮನೆ ವಾಪಸು ತೆಗೆದುಕೊಂಡು ಹೋದರೆ? ಈ ಅಯ್ಯನವರ ಹಟದಿಂದ ನನ್ನ ಜೀವ ಹೋಗಬೇಕಾ? ದಾರಿಯುದ್ದಕ್ಕೂ ಬೈದುಕೊಂಡು ಬಂದೆ.

ನಾನೂ ಬಿಡುವವನಲ್ಲ. ಆದಿತ್ಯವಾರ ಅವರ ಆರಾಧನೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಹಾಡಿದರು, ಓದಿದರು, ಆಮೇಲೆ ಒಬ್ಬರು ಕೋಲಿಗೆ ಕಟ್ಟಿದ ಬಟ್ಟೆಯ ಚೀಲ ಹಿಡಿದು ಕಾಣಿಕೆ ಎತ್ತುತ್ತಾ ಬಂದರು. ನನ್ನ ಹತ್ತಿರ ಬಂದದ್ದೇ ತಡ, ಕರವಸ್ತ್ರದಲ್ಲಿ ಸುತ್ತಿದ ದವಡೆಯನ್ನು ದಬಕ್ಕನೆ ಹಾಕಿಬಿಟ್ಟೆ. ಚೀಲ ಕೆಳಗೆ ಜಗ್ಗಿತು, ಕೋಲು ಹಿಡಿದವರು ಹೌಹಾರಿದರು. ನಾನು ಕಣ್ಣು ಮುಚ್ಚಿ ಭಕ್ತಿಯಿಂದ ಕೂತೆ. ಮನೆಗೆ ಬರುವಾಗ ನೆಲದ ಮೇಲೆ ಕಾಲೇ ಇಲ್ಲ. ಹರಕೆ ಸಂದಿತು!

ಮರುದಿನ ಬೆಳಿಗ್ಗೆ ಬಸ್ಸು ಸ್ಟ್ಯಾಂಡು ಬಿಟ್ಟು ಸ್ವಲ್ಪ ದೂರ ಹೋಗಿತ್ತು. ಹಿಂದಿನ ಸೀಟಿನವರು, "ಹೋಲ್ಡಾನ್, ಹೋಲ್ಡಾನ್! ಅಯ್ಯನವರಿಗೆ ಬಸ್ಸು ತಪ್ಪಿತು ಪಾಪ!" ಎಂದು ಕೂಗಿದರು. ಬಗ್ಗಿ ನೋಡಿದರೆ ಅಯ್ಯನವರು ಸೈಕಲ್ ತುಳಿಯುತ್ತಾ ಬರುತ್ತಿದ್ದಾರೆ, ಹ್ಯಾಂಡಲಿನಲ್ಲಿ ಪೇಪರಿನ ಪೊಟ್ಟಣ! ನನಗೆ ಅರ್ಥವಾಯಿತು. "ರೈಟ್, ರೈಟ್! ಹೋಗ್ಲಿ!" ಎಂದು ಸೀಟಿ ಊದಿದೆ. ಜನ "ಹೋಲ್ಡಾನ್" ಎನ್ನುತ್ತಾರೆ, ನಾನು "ರೈಟ್" ಎನ್ನುತ್ತೇನೆ. ಡ್ರೈವರ್ ಒಮ್ಮೆ ಬ್ರೇಕು ಹಾಕುತ್ತಾನೆ, ಒಮ್ಮೆ ಬಿಡುತ್ತಾನೆ. ಕೊನೆಗೆ ಸಿಟ್ಟು ಬಂದು ಗಾಡಿ ನಿಲ್ಲಿಸಿಯೇ ಬಿಟ್ಟ. "ನಿಮಗೆ ಎಂತ ಮರ್ಲಾ? ವಯಸ್ಸಾದವರು ಓಡಿಸಿಕೊಂಡು ಬರ್ತಿದ್ದಾರೆ!" ಎಂದು ನನಗೇ ಬೈದ. ಅಯ್ಯನವರು ಏದುಸಿರು ಬಿಡುತ್ತಾ ಬಂದು ಕಿಟಕಿಯಿಂದ ಪೊಟ್ಟಣ ಕೊಟ್ಟು, "ಕಂಡಕ್ಟ್ರೆ, ನಿಮ್ಮ ದವಡೆ ನಮ್ಮಲ್ಲಿ ಬಾಕಿ ಆಗಿತ್ತು" ಎಂದು ನಕ್ಕು ಸೈಕಲ್ ತಿರುಗಿಸಿದರು.

ಕಡಬ ಮುಟ್ಟುವಷ್ಟರಲ್ಲಿ ಆ ಬೆಳ್ಳಿ ಕೈಯಿಂದ ಕೈಗೆ ದಾಟಿ ಇಡೀ ಬಸ್ಸು ಸುತ್ತಿತ್ತು. ಕೆಲವರು ಗಲ್ಲಕ್ಕೆ ಹಿಡಿದು ಅಳತೆ ನೋಡಿದರು. ನನಗಾದರೋ ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಆವತ್ತಿನಿಂದ ಕೈ ಕುತ್ತಿಗೆಯನ್ನು ಬಿಡಲಿಲ್ಲ. ಟಿಕೆಟು ಹರಿದು ಕೊಟ್ಟು ಕುತ್ತಿಗೆ ಮುಟ್ಟುವುದು, ಚಿಲ್ಲರೆ ಕೊಟ್ಟು ಕುತ್ತಿಗೆ ಮುಟ್ಟುವುದು. ಗಂಟು ಬಂತಾ, ಬಂತಾ ಎಂದು ನೋಡುವುದು. ನಾನು ಅಷ್ಟು ಪ್ರೀತಿಯಿಂದ ಕಂಡುಕೊಂಡ ದೇವರಿಗೇ ಈಗ ಹೆದರತೊಡಗಿದೆ. ಆಸ್ಪತ್ರೆಯ ಕೋಣೆಗೆ ಬಂದು ಪಕ್ಕದಲ್ಲಿ ಕೂತವರು ಈಗ ಲೆಕ್ಕ ಕೇಳುವ ಚೆಕ್ಕಿಂಗ್ ಇನ್ಸ್‌ಪೆಕ್ಟರ ಹಾಗೆ ಕಾಣುತ್ತಿದ್ದರು.

ಹೆದರಿದವನ ಬುದ್ಧಿ ಎಲ್ಲೆಲ್ಲೋ ಹೋಗುತ್ತದೆ. ಇನ್ನು ಯಾರ ಋಣವೂ ಬಾಕಿ ಇರಬಾರದು ಎಂದು ಎಣಿಸಿಕೊಂಡು ಒಬ್ಬೊಬ್ಬರನ್ನೇ ನೆನೆದೆ. ಡ್ರೈವರಿಗೆ ಒಂದು ಅಂಗಿಬಟ್ಟೆ ಕೊಟ್ಟೆ. ಆಮೇಲೆ ನೆನಪಾದದ್ದು ಹೆಂಡತಿ. ಪೇಟೆಯಲ್ಲಿ ಒಳ್ಳೆಯದೊಂದು ಸೀರೆ ತೆಗೆದುಕೊಂಡು ಹೋದೆ. ಕುಂಕುಮದ ಬಣ್ಣ, ಅಗಲ ಅಂಚು. ಅವಳ ಮುಖ ಅರಳಿತು. ಕೈಯಲ್ಲಿ ಹಿಡಿದು, ಮಡಿಕೆ ಬಿಡಿಸಿ, ಕೆನ್ನೆಗೆ ತಾಗಿಸಿಕೊಂಡಳು. ಅಷ್ಟಕ್ಕೆ ಬಾಯಿ ಮುಚ್ಚಿ ಕೂರಬಹುದಿತ್ತಲ್ಲ ನಾನು! ಬಾಯಿ ಬಿಟ್ಟರೆ ಬಣ್ಣಗೇಡು.

"ನೀನು ತಿಂಗಳುಗಟ್ಟಲೆ ಗಂಜಿ ಸೋಸಿ ಕುಡಿಸಿದ್ದಿಯಲ್ಲ, ಅದಕ್ಕೆ ಇದು. ಅಲ್ಲಿಂದಲ್ಲಿಗೆ ಸರಿ ಆಯ್ತು ಆಯ್ತಾ?" ಎಂದೆ.

ಸೀರೆ ಅಂಗಳದಲ್ಲಿ ಹೋಗಿ ಬಿತ್ತು. "ಎಂತ ಹೇಳಿದ್ದು ನೀವು? ನಾನು ಕೂಲಿಗೆ ಮಾಡಿದ್ದಾ?" ಎಂದು ಅವಳು ಕೂಗಿದ ಕೂಗಿಗೆ ನನ್ನ ಬಸ್ ಸ್ಟ್ಯಾಂಡಿನ ಗಂಟಲು ಏನೂ ಅಲ್ಲ.

"ಅಲ್ಲ ಮಾರಾಯ್ತಿ, ಋಣ ಇರಬಾರದು ಅಂತ..."

"ಋಣ ತೀರಿಸಿ ಎಲ್ಲಿಗೆ ಹೋಗ್ತೀರಿ? ಹೇಳಿ, ಎಲ್ಲಿಗೆ? ಲೆಕ್ಕ ಚುಕ್ತಾ ಮಾಡುದು ಅಂಗಡಿಯಲ್ಲಿ! ನಿಮ್ಮ ಬಾಯಿಯ ವಾಸನೆ ಕುಡಿದದ್ದು, ನೀವು ತಳ್ಳಿದ ಚಮಚವನ್ನು ಹೆಕ್ಕಿದ್ದು ಸೀರೆಗಾ?" ಆಸ್ಪತ್ರೆಯಲ್ಲಿ ಅಳದವಳು, ರೈಲಿನಲ್ಲಿ ಅಳದವಳು, ಈಗ ಬಾಗಿಲಿಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. "ನೀವು ಇದ್ದೀರಲ್ಲ, ಅಷ್ಟೇ ನನಗೆ ಬೇಕಾದದ್ದು. ಬೇರೆ ಎಂತದೂ ಬೇಡ" ಎಂದಳು.

ಅಂಗಳದಲ್ಲಿ ಬಿದ್ದ ಸೀರೆಯನ್ನು ಎತ್ತಲು ಬಗ್ಗಿದವನು ಹಾಗೇ ನಿಂತೆ. ನೀವು ಸಿಗ್ತೀರಿ, ಎಂದು ಅಯ್ಯನವರು ಹೇಳಿದ್ದು ಇದೇ ಅಲ್ಲವಾ! ಅವರು ಹೇಳಿದಾಗ ವೇದಾಂತ ಎಂದು ಬಿಟ್ಟಿದ್ದೆ. ಏಸುವಿನ ಹೆಸರೇ ಎತ್ತದ ನನ್ನ ಹೆಂಡತಿ ಮುಖಕ್ಕೆ ಹೊಡೆದ ಹಾಗೆ ಹೇಳಿದ ಮೇಲೆ ತಲೆಗೆ ಹೋಯಿತು. ಆ ಕೋಣೆಗೆ ಬಂದವರು ಬೆಳ್ಳಿಗೆ ಬಂದದ್ದಲ್ಲ. ನಾನು ಅಳುತ್ತಿದ್ದೆ, ಅದಕ್ಕೆ ಬಂದದ್ದು. ನನಗೆ ನಗು ಬಂತು. ಅಂಗಳದ ನಡುವೆ ಸೀರೆ ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೆಂಡತಿ ಅಳು ನಿಲ್ಲಿಸಿ, "ರೋಗ ತಲೆಗೆ ಏರಿತಾ ಹೇಗೆ?" ಎಂದು ಕೇಳಿದಳು. ಆಮೇಲೆ ಆ ಸೀರೆಯನ್ನು ಕೊಡವಿ, ಸುಮ್ಮನೆ ಕೊಟ್ಟೆ. ಸುಮ್ಮನೆ ಎಂದೇ ಹೇಳಿ ಕೊಟ್ಟೆ. ತೆಗೆದುಕೊಂಡಳು.

ಆಗಲೇ ಅಯ್ಯನವರ ಮನೆಗೆ ಓಡಿದೆ, ನಡೆಯಲು ಪುರುಸೊತ್ತು ಇರಲಿಲ್ಲ. ಅವರು ನನ್ನನ್ನು ಕಂಡು ಮೊದಲು ನನ್ನ ಕೈ ನೋಡಿದರು, ಪೊಟ್ಟಣ ಉಂಟಾ ಎಂದು.

"ಎಂತದೂ ತರ್ಲಿಲ್ಲ! ನಾನು ಮಾತ್ರ ಬಂದದ್ದು!" ಎಂದು ಬೀದಿಯಿಂದಲೇ ಕೂಗಿದೆ.

ಆ ಮುದುಕರು ಜಗಲಿಯಿಂದ ಇಳಿದು ಬಂದು ನನ್ನನ್ನು ತಬ್ಬಿಕೊಂಡರು. ಅಂದಿನಿಂದ ರಜೆಯ ಆದಿತ್ಯವಾರ ನಾನು ಅಲ್ಲಿ. ನನ್ನ ಗಂಟಲಿಗೆ ಹಾಡುವವರೆಲ್ಲ ಹೆದರಿದರು. ಬೆಳ್ಳಿಯನ್ನು ಆಚಾರ್ರಿಗೆ ಕೊಟ್ಟು ಮಗಳಿಗೆ ಗೆಜ್ಜೆ ಮಾಡಿಸಿದೆವು. ಅವಳು ಮನೆ ತುಂಬ ಕುಣಿದಳು. ಊರಿನಲ್ಲಿ ಮಾತು ಬಂತು, ಹೆಂಡತಿಯ ಅಣ್ಣಂದಿರು ಕಡಬದಿಂದ ಬಂದು ಮುಖ ದಪ್ಪ ಮಾಡಿ ಕೂತರು. "ಇವರು ಯಾರನ್ನಾದರೂ ನಂಬಲಿ. ಎಲೆಯಡಿಕೆ ಬಿಟ್ಟಿದ್ದಾರೆ, ಬೈಯುದು ಅರ್ಧ ಬಿಟ್ಟಿದ್ದಾರೆ. ನನಗೆ ಲಾಭವೇ" ಎಂದು ಅವಳೇ ಅವರ ಬಾಯಿ ಮುಚ್ಚಿಸಿದಳು. ಅವಳು ಅವಳ ದೀಪ ಹಚ್ಚುವುದನ್ನು ಬಿಡಲಿಲ್ಲ, ನಾನೂ ಬಿಡಲು ಹೇಳಲಿಲ್ಲ. ಅವಳ ಹರಕೆಗಳಲ್ಲಿ ಇದ್ದದ್ದು ನನ್ನ ಮೇಲಿನ ಜೀವ, ಅದನ್ನು ಹೀಯಾಳಿಸಿದರೆ ನನ್ನ ಬಾಯಿ ಪುನಃ ಹುಣ್ಣಾಗಲಿ.

ಆರು ತಿಂಗಳಿಗೆ ನಾವಿಬ್ಬರೂ ಪುನಃ ರೈಲು ಹತ್ತಿದೆವು. ಡಾಕ್ಟರು ಕೆನ್ನೆ ನೋಡಿ ಬಹಳ ಚಂದ ಎಂದರು. ಆಮೇಲೆ ನನ್ನ ಹಿಂದೆ ನಿಂತು ಎರಡು ಕೈಯಲ್ಲಿ ಕುತ್ತಿಗೆಯನ್ನು ಒತ್ತುತ್ತಾ ಬಂದರು. ಎಡಗಡೆ ದವಡೆಯ ಕೆಳಗೆ ಬೆರಳು ನಿಂತಿತು. ಪುನಃ ಅಲ್ಲೇ ಒತ್ತಿತು. ನಮ್ಮ ಉಡುಪಿಯ ಸಿಸ್ಟರು ನನ್ನ ಭುಜದ ಮೇಲೆ ಕೈ ಇಟ್ಟು, "ಒಂದು ಗಂಟು ಉಂಟು ಅಣ್ಣಾ. ನಾಳೆ ಬೆಳಿಗ್ಗೆ ಆಪರೇಶನ್. ಅದು ಆದ ಮೇಲೆಯೇ ಮುಂದಿನದ್ದು ಹೇಳ್ಲಿಕ್ಕೆ ಆಗುದು" ಎಂದರು.

ಸುಳ್ಳು ಹೇಳುವುದಿಲ್ಲ. ಮೊದಲು ಬಂದ ಯೋಚನೆ, ಹರಕೆ ಒಪ್ಪಿಸಲಿಲ್ಲ, ಅದಕ್ಕೇ ಬಂತು ಎಂಬುದೇ. ಮೂಳೆಯೊಳಗೆ ಕೂತ ಮಾತು ಒಂದು ದಿನದಲ್ಲಿ ಹೋಗುತ್ತದಾ? ಕೈಕಾಲು ತಣ್ಣಗಾಯಿತು. ಹೊರಗೆ ಬಂದು ವರಾಂಡದ ಬೆಂಚಿನಲ್ಲಿ ಹೆಂಡತಿಯ ಪಕ್ಕ ಕೂತೆ, ಕಣ್ಣು ಮುಚ್ಚಿದೆ. ಬೇರೆ ಏನು ಒಪ್ಪಿಸಲಿ ಎಂದು ಹುಡುಕಿದೆ. ಒಂದೂ ನೆನಪಾಗಲಿಲ್ಲ. ಕೊಡಲು ನನ್ನಲ್ಲಿ ಏನೂ ಇರಲಿಲ್ಲ, ಕೇಳುವವರೂ ಅಲ್ಲಿರಲಿಲ್ಲ. ಪಕ್ಕದಲ್ಲಿ ಕೂತವರು ಮಾತ್ರ ಇದ್ದರು, ಆ ಬಿಸಿಲಿನ ಮಧ್ಯಾಹ್ನ ಹೇಗೆ ಕೂತಿದ್ದರೋ ಹಾಗೇ. ನನಗೆ ಹೆದರಿಕೆ ಆಗ್ತಾ ಉಂಟು, ಬದುಕಬೇಕು ಅಂತ ಆಸೆ ಉಂಟು ಎಂದು ಅವರಲ್ಲಿ ಹೇಳಿದೆ. ಹೇಳಿ ಮುಗಿಯುವಾಗ ಕೈಕಾಲಿಗೆ ಬಿಸಿ ಬಂದಿತ್ತು. ಗಂಟು ಅಲ್ಲೇ ಇತ್ತು, ಆದರೂ ಒಳಗಿನಿಂದ ಖುಷಿ ಉಕ್ಕಿ ಬಂತು. ನಾಳೆ ಏನೇ ಆಗಲಿ, ಇವರು ಎದ್ದು ಹೋಗುವವರಲ್ಲ!

ಹೆಂಡತಿ ನನ್ನ ತುಟಿ ಅಲ್ಲಾಡುವುದನ್ನೇ ನೋಡುತ್ತಿದ್ದಳು. "ಎಂತ ಹರಕೆ ಹೇಳಿದಿರಿ?" ಎಂದಳು.

"ಎಂತದೂ ಹೇಳ್ಲಿಲ್ಲ."

"ಎಂತದೂ ಇಲ್ಲದೆ ಅವರು ಕೇಳ್ತಾರಾ?"

"ಕೇಳ್ತಾರೆ."

ಅವಳು ಹೊಸ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಎದುರಿನ ಗೋಡೆಯನ್ನು ನೋಡುತ್ತಾ ಕೂತಿದ್ದಳು. ಆಮೇಲೆ ನನ್ನ ಕಡೆಗೆ ಸರಿದು, ಬೇರೆ ಯಾರಿಗೂ ಕೇಳದ ಹಾಗೆ, "ಹಾಗಾದ್ರೆ ನನ್ನ ಹೆದರಿಕೆಯನ್ನೂ ಹೇಳಿ" ಎಂದಳು.